ಶಬ್ದದ ಖಾನೆ ತುಂಬಿದವರು

ಬ್ರೇಕು ಹಾಕುವುದೇ ನನ್ನ ನೌಕರಿಯಾಗಿತ್ತು. ಇಪ್ಪತ್ತಾರು ವರ್ಷ ಅದನ್ನೇ ಮಾಡಿ ಐವತ್ತೊಂದಕ್ಕೆ ಮನೆಗೆ ಬಂದು ಕೂತೆ. ಅಷ್ಟು ಬೇಗ ಯಾಕೆ ಬಂದೆ ಎಂದು ಕೇಳಿದವರಿಗೆಲ್ಲ ಸೊಂಟನೋವು ಎಂದು ಹೇಳಿದ್ದೇನೆ. ಸೊಂಟ ಗಟ್ಟಿಯಾಗಿಯೇ ಇದೆ. ನಿಜವಾದ ಕಾರಣವನ್ನು ಈ ಕೆಲಸಕ್ಕೆ ಹೊಸದಾಗಿ ಸೇರುವ ಹುಡುಗ ಹುಡುಗಿಯರಿಗಾಗಿ ಇಲ್ಲಿ ಬರೆದಿಡುತ್ತೇನೆ. ಉಳಿದವರು ಸೊಂಟನೋವನ್ನೇ ನಂಬಿಕೊಂಡಿರಲಿ.

ಕೊಲ್ಲಾಪುರದ ಪಕ್ಕದ ಗೋಕುಳ ಶಿರಗಾಂವದ ಒಂದು ಕಾರಖಾನೆಯಲ್ಲಿ ಲಾರಿ, ಬಸ್ಸುಗಳ ಬ್ರೇಕ್ ಡ್ರಮ್ಮು ಮತ್ತು ಅದರೊಳಗೆ ಕೂತು, ಉಜ್ಜಿ ಚಕ್ರ ನಿಲ್ಲಿಸುವ ಲೈನಿಂಗ್ ಪಟ್ಟಿ ತಯಾರಾಗುತ್ತಿದ್ದವು. ಹೊಸ ಮಾಲು ಬಂದಾಗಲೆಲ್ಲ ಅದನ್ನು ನಮ್ಮ ಹಳೆಯ ಲಾರಿಗೆ ಕೂರಿಸಿ, ಹಿಂದೆ ಮರಳಿನ ಚೀಲ ಹೇರಿ, ಗಡಹಿಂಗ್ಲಜ ದಾಟಿ ಆಜರಾದ ಆಚೆಯ ಗುಡ್ಡಗಳಿಗೆ ಒಯ್ಯಬೇಕು. ಮೇಲೆ ಹತ್ತಿ, ಬ್ರೇಕು ಹಾಕುತ್ತ ಹಾಕುತ್ತ ಕೆಳಗೆ ಇಳಿಯಬೇಕು. ಮತ್ತೆ ಹತ್ತಬೇಕು, ಮತ್ತೆ ಇಳಿಯಬೇಕು. ನಮ್ಮ ಇಚಲಕರಂಜಿಯ ಓಣಿಯಲ್ಲಿ ಇದಕ್ಕೆ ಪಿಕ್‌ನಿಕ್ ಎಂದು ಹೆಸರಿಟ್ಟಿದ್ದರು. "ಮಂದಿ ರೊಕ್ಕಾ ಕೊಟ್ಟು ನೋಡಾಕ ಹೋಗೂ ಗುಡ್ಡಾ ನೀ ಪಗಾರ ತಗೊಂಡು ನೋಡ್ತಿ" ಎಂದು ಹೊಟ್ಟೆ ಉರಿದುಕೊಳ್ಳುತ್ತಿದ್ದರು.

ದಾರಿ ಚೆಂದವಾಗಿತ್ತು, ಇಲ್ಲವೆನ್ನುವುದಿಲ್ಲ. ದೊಡ್ಡ ರಸ್ತೆ ಬಿಟ್ಟು ಹೊರಳಿದರೆ ಒಂದೇ ಗಾಡಿ ಹಿಡಿಸುವಷ್ಟು ಡಾಂಬರು. ಒಂದು ಬದಿಗೆ ಕೆಂಪು ಮಣ್ಣಿನ ದಿಬ್ಬ, ಅದರ ಮೇಲೆ ಗೋಡಂಬಿ ಗಿಡಗಳು. ಇನ್ನೊಂದು ಬದಿಗೆ ಏನೂ ಇಲ್ಲ. ಬಹಳ ಕೆಳಗೆ ಭತ್ತದ ಗದ್ದೆಗಳು, ಬೆಳಗ್ಗೆ ಅವುಗಳಿಂದ ಮೇಲೇಳುವ ಮಂಜು. ನೋಡುವವರಿಗೆ ಅದು ಮಂಜು. ನನಗೆ ಮಾತ್ರ ಹಾರ್ನ್ ಹಾಕದೆ ಅದರೊಳಗಿಂದ ಬರಲಿರುವ ಜೀಪು. ಎಲ್ಲಿ ನೋಟ ಹೆಚ್ಚು ಚೆಂದವೋ ಅಲ್ಲಿ ಯಾರಾದರೊಬ್ಬರು ಫೋಟೋ ತೆಗೆಯಲು ರಸ್ತೆಗೆ ಬೆನ್ನು ಹಾಕಿ ಹಿಂದೆ ಹಿಂದೆ ಸರಿಯುತ್ತಿರುತ್ತಾರೆ ಎಂದು ಅನುಭವದಿಂದ ಕಲಿತಿದ್ದೆ. ಹಾಗಾಗಿ ಚೆಂದದ ತಿರುವು ಬಂತೆಂದರೆ ನನ್ನ ಕಾಲು ತಾನಾಗಿ ಬ್ರೇಕಿನ ಮೇಲೆ ಹೋಗುತ್ತಿತ್ತು.

ಅನುಮಾನ ಪಡುವುದಕ್ಕೇ ನಿಮಗೆ ಸಂಬಳ ಎಂಬುದನ್ನು ಹೊಸಬರು ಮೊದಲ ದಿನವೇ ತಿಳಿದುಕೊಳ್ಳಬೇಕು. ಮಾಲು ಚೆನ್ನಾಗಿದೆ ಎಂದು ಹೇಳಲು ಅದನ್ನು ಮಾಡಿದವರಿದ್ದಾರೆ, ಮಾರುವವರಿದ್ದಾರೆ. ಇಲ್ಲ ಎನ್ನಲು ಒಬ್ಬ ಬೇಕೆಂದು ನಮ್ಮನ್ನು ಇಟ್ಟುಕೊಂಡಿರುತ್ತಾರೆ. ಈ ಗುಣ ನನಗೆ ಹುಟ್ಟಿನಿಂದಲೇ ಬಂದಿತ್ತು. ರಾತ್ರಿ ಗ್ಯಾಸಿನ ಗುಂಡಿ ಮೂರು ಸಲ ನೋಡಿ ಮಲಗುವವನು ನಾನು. ನನ್ನ ಹೆಂಡತಿ ಶಾಂತಾ ಒಮ್ಮೆ ಅಂದಳು: "ಕಾರಖಾನ್ಯಾಗ ಸಂಶೇಕ್ಕ ಪಗಾರ ಕೊಡ್ತಾರ. ಮನ್ಯಾಗ ಯಾಕ ಪುಕ್ಕಟ ಮಾಡಾಕತ್ತೀರಿ?"

ಮೊದಲ ವರ್ಷದ ಒಂದು ಫಜೀತಿ ಹೇಳಿಬಿಡುತ್ತೇನೆ. ಆಗ ಡ್ರಮ್ಮು ಎಷ್ಟು ಕಾದಿದೆ ಎಂದು ನೋಡಲು ಉಪಕರಣವಿರಲಿಲ್ಲ. ನೀರು ಚಿಮುಕಿಸಿ ಅದು ಚುರ್ರೆನ್ನುವ ರೀತಿ ನೋಡಬೇಕು, ಮೂಗು ಒಡ್ಡಿ ವಾಸನೆ ನೋಡಬೇಕು. ಒಂದು ದಿನ ಇಳಿಜಾರಿನ ಅರ್ಧದಲ್ಲಿ ಸುಟ್ಟ ವಾಸನೆ ಬಂತು. ಕಣ್ಣು ಉರಿಯುವಷ್ಟು ಘಾಟು. ಗಾಡಿ ನಿಲ್ಲಿಸಿ, ಚಕ್ರಕ್ಕೆ ಕಲ್ಲು ಕೊಟ್ಟು, ಅಲ್ಲೇ ಚಕ್ರಗಳನ್ನೆಲ್ಲ ಬಿಚ್ಚಿಸಿದೆ. ಏನೂ ಸುಟ್ಟಿರಲಿಲ್ಲ. ವಾಸನೆ ಮಾತ್ರ ಹೋಗಲಿಲ್ಲ. ಆಮೇಲೆ ದಿಬ್ಬದ ಮೇಲಿಂದ ಒಬ್ಬ ಹೆಂಗಸು ಕೂಗಿ ಹೇಳಿದಳು, ಅವರ ಹಿತ್ತಿಲಲ್ಲಿ ಗೋಡಂಬಿ ಬೀಜ ಹುರಿಯುತ್ತಿದ್ದರಂತೆ. ಅದರ ಸಿಪ್ಪೆಯ ಎಣ್ಣೆ ಸುಟ್ಟರೆ ಬರುವ ವಾಸನೆ ಅದು. ಮಾಲು ಸುಟ್ಟುಹೋಗಿದೆ ಎಂದು ಅಷ್ಟರಲ್ಲಿ ನಾನು ಜೊತೆಗಿದ್ದ ಹುಡುಗನನ್ನು ಕೆಳಗಿನ ಊರಿಗೆ ಓಡಿಸಿ ಕಾರಖಾನೆಗೆ ಫೋನು ಮಾಡಿಸಿಯಾಗಿತ್ತು. ನಮ್ಮ ಮೇಲಧಿಕಾರಿ, ಮರಾಠಿ ಬೆರೆಸಿ ಕನ್ನಡ ಮಾತಾಡುವ ಇನಾಮದಾರ ಸಾಹೇಬರು ಒಂದೂ ಕೆಟ್ಟ ಮಾತಾಡಲಿಲ್ಲ. ಮುಂದಿನ ತಿಂಗಳು ಎಲ್ಲರೆದುರು ಒಂದು ಪಾವು ಗೋಡಂಬಿ ಕೊಟ್ಟು, "ಮಲ್ಲೂಭಾವು, ಇವನ್ನೂ ಟೆಸ್ಟ್ ಮಾಡ್ರಿ" ಎಂದರು.

ಆದರೆ ನಾನು ಹೇಳಬೇಕಾದದ್ದು ಮೂಗಿನ ವಿಷಯವಲ್ಲ, ಕಿವಿಯದು.

ಪ್ರತಿ ಸಲ ಇಳಿದ ಮೇಲೆ ಒಂದು ಹಾಳೆ ತುಂಬಬೇಕಿತ್ತು. ಎಷ್ಟು ಬಿಸಿ, ಎಷ್ಟು ದೂರದಲ್ಲಿ ನಿಂತಿತು, ಗಾಡಿ ಒಂದು ಕಡೆಗೆ ಎಳೆಯಿತೇ, ಹೀಗೆ ಖಾನೆಗಳು. ಕೊನೆಯದು ಶಬ್ದದ ಖಾನೆ. ಬ್ರೇಕು ಹಾಕಿದಾಗ ಸಣ್ಣ ಸೀಟಿಯಂಥ ಶಬ್ದ ಬಂದರೆ ಪಟ್ಟಿ ತನ್ನ ಜಾಗದಲ್ಲಿ ಸರಿಯಾಗಿ ಕೂತಿಲ್ಲ ಎಂದು ಅನುಮಾನಿಸಬೇಕು. ಇವತ್ತು ಸೀಟಿ, ಮುಂದೆ ಯಾವಾಗಲೋ ಒಂದು ದಿನ ಪಟ್ಟಿಯೇ ಕಿತ್ತು ಬಂದೀತು. ಹಾಗೆ ಕಿತ್ತು ಬರುವುದು ನಮ್ಮ ಲಾರಿಯಲ್ಲಲ್ಲ, ಯಾವುದೋ ಘಟ್ಟದಲ್ಲಿ ಜನ ತುಂಬಿದ ಬಸ್ಸಿನಲ್ಲಿ. ಆ ಒಂದು ಖಾನೆಗೆ ಯಂತ್ರವಿರಲಿಲ್ಲ. ನನ್ನ ಕಿವಿಯೇ ಯಂತ್ರ.

ನಾನು ಹುಟ್ಟಿದ್ದು ಇಚಲಕರಂಜಿಯ ಮಗ್ಗದ ಓಣಿಯಲ್ಲಿ. ಬೆಳಗಾವಿ ಕಡೆಯಿಂದ ಬಂದ ನಮ್ಮಪ್ಪ ಪವರ್‌ಲೂಮ್ ನಡೆಸುತ್ತಿದ್ದರು. ಶಾಲೆ ಬಿಟ್ಟ ಕೂಡಲೇ ನಾನು ಶೆಡ್ಡಿನಲ್ಲಿ. ಆ ಸದ್ದಿನಲ್ಲಿ ಬೆಳೆದವರ ಕಿವಿ ಒಂದು ವಯಸ್ಸಿಗೆ ಮೆಲ್ಲಗೆ ಅಂಗಡಿ ಮುಚ್ಚತೊಡಗುತ್ತದೆ. ನಲವತ್ತೈದು ದಾಟಿದ ಮೇಲೆ ನನಗೆ ಬೆಳಗಿನ ಅಲಾರಂ ಕೇಳಿಸದಾಯಿತು. ನಾನು ಗಡಿಯಾರದ ಮೇಲೆ ಅನುಮಾನ ಪಟ್ಟೆ. ಎರಡು ಗಡಿಯಾರ ಬದಲಿಸಿದೆ. ಮೂರನೆಯದನ್ನು ಅಂಗಡಿಗೆ ಮರಳಿ ಒಯ್ಯಲು ಹೊರಟಾಗ ಶಾಂತಾ ಕೈ ಹಿಡಿದು ನಿಲ್ಲಿಸಿ, "ಗಡ್ಯಾರ ಬಡಕೊಂಡು ಬಡಕೊಂಡು ಓಣಿ ಮಂದಿ ಎಲ್ಲಾ ಎದ್ದೈತ್ರಿ" ಎಂದಳು. ಕೊಲ್ಲಾಪುರದ ಡಾಕ್ಟರು ಪರೀಕ್ಷಿಸಿ, ಮಾತು ಕೇಳುತ್ತದೆ, ದಪ್ಪ ಶಬ್ದ ಕೇಳುತ್ತದೆ, ಸಣ್ಣ ಶಬ್ದ ಹೋಗಿದೆ, ಇನ್ನು ಮರಳಿ ಬರುವುದಿಲ್ಲ ಎಂದರು.

ಕಾರಖಾನೆಯಲ್ಲಿ ಹೇಳಲಿಲ್ಲ. ಹೇಳಿದರೆ ಮರುದಿನವೇ ಲಾರಿಯ ಬೀಗದ ಕೈ ಇಸಿದುಕೊಳ್ಳುತ್ತಾರೆ. ನನಗೆ ಬರುತ್ತಿದ್ದದ್ದು ಇದೊಂದೇ ಕೆಲಸ. ಜೊತೆಗೆ ನನ್ನ ಪಕ್ಕದ ಸೀಟಿನಲ್ಲಿ ಕೂತು ಹಾಳೆ ಹಿಡಿಯುತ್ತಿದ್ದ ದುರ್ಗಪ್ಪ ಇದ್ದ. ನನಗಿಂತ ಎರಡು ವರ್ಷ ಚಿಕ್ಕವನು. ನನಗೆ ಕೇಳದಿದ್ದರೇನು, ಅವನಿಗೆ ಕೇಳುತ್ತದೆ ಎಂದುಕೊಂಡೆ. ತಿರುವು ದಾಟಿದ ಮೇಲೆ ಅವನ ಮುಖ ನೋಡುತ್ತಿದ್ದೆ. ಅವನು ನನ್ನ ಮುಖ ನೋಡುತ್ತಿದ್ದ.

"ಬಂತೇನೋ?"

"ಏನ್ರಿ ಮಲ್ಲಣ್ಣಾ?"

"ಸಪ್ಪಳ."

"ಅದ… ಬಂದಂಗಾತು. ಅಲ್ರಿ?"

"ಹಂಗಂತಿ?"

"ನೀವು ಅಂದ್ರ ಹೌದು. ಇಲ್ಲಂದ್ರ ಇಲ್ಲ."

ಎಂಥ ವಿನಯ ಎಂದು ಮೊದಮೊದಲು ಸಂತೋಷಪಟ್ಟೆ. ಆಮೇಲೆ, ಇವನು ನನ್ನನ್ನು ಪರೀಕ್ಷಿಸಲು ಸಾಹೇಬರು ಬಿಟ್ಟ ಮನುಷ್ಯ ಇರಬಹುದೇ ಎಂದು ಅನುಮಾನ ಹುಟ್ಟಿತು.

ಆ ಅನುಮಾನ ಹಣ್ಣಾಗುವ ಮೊದಲೇ ಇನ್ನೊಂದು ಬಂದು ಅದನ್ನು ಪಕ್ಕಕ್ಕೆ ತಳ್ಳಿತು. ಅದರ ಹೆಸರು ಬೀರಪ್ಪ. ಗಡಿಯ ಕಡೆಯ ಕುರುಬ. ಭತ್ತದ ಕೊಯ್ಲು ಮುಗಿದ ಮೇಲೆ ಗೊಬ್ಬರಕ್ಕೆಂದು ಗದ್ದೆಗಳಲ್ಲಿ ಕುರಿ ತರುಬಲು ಆ ಕಡೆ ಬರುತ್ತಿದ್ದ. ಮಳೆ ಶುರುವಾಗುವ ಮುಂಚೆ ಮರಳಿ ಬಯಲುಸೀಮೆಗೆ ಹೊರಡುತ್ತಿದ್ದ. ಹಗಲು ಅವನ ಹಿಂಡು ನಮ್ಮ ಮೂರನೆಯ ತಿರುವಿನ ದಿಬ್ಬದ ಮೇಲೆ ಮೇಯುತ್ತಿತ್ತು. ಕಂಬಳಿ ಹೆಗಲಿಗೆ ಹಾಕಿಕೊಂಡು ಕೋಲಿನ ಮೇಲೆ ಗದ್ದ ಊರಿ ನಮ್ಮನ್ನೇ ನೋಡುತ್ತ ನಿಲ್ಲುತ್ತಿದ್ದ. ಒಂದು ದಿನ ಗಾಡಿ ನಿಧಾನವಾದಾಗ ಕೇಳಿದ:

"ಡ್ರಾಯವರ್ ಸಾಹೇಬ್ರ, ಇವತ್ತ ಮಾಲ ಬ್ಯಾರೆ ಐತೇನ್ರಿ?"

ನಾನು ಕಿಟಕಿಯ ಗಾಜು ಏರಿಸಿ ಗಾಡಿ ಬಿಟ್ಟೆ. ಅಂದು ನಿಜಕ್ಕೂ ಬೇರೆ ಮಾಲು ಇತ್ತು. ಲಾರಿ ಅದೇ, ಮರಳಿನ ಚೀಲ ಅವೇ, ತಾಡಪತ್ರಿ ಅದೇ. ಬದಲಾದದ್ದು ಡ್ರಮ್ಮಿನ ಒಳಗಿನ ಪಟ್ಟಿ ಮಾತ್ರ. ಅದು ಹೊರಗಿನವರ ಕಣ್ಣಿಗೆ ಬೀಳುವಂಥದ್ದಲ್ಲ. ಮುಂದಿನ ವಾರ ಮಾಲು ಬದಲಾದ ದಿನವೇ ಮತ್ತೆ ಅದೇ ಪ್ರಶ್ನೆ. ಇವನು ಎದುರಾಳಿ ಕಂಪನಿಯವರು ಇಟ್ಟ ಗೂಢಚಾರ ಎಂದು ಆ ರಾತ್ರಿಯೇ ತೀರ್ಮಾನಿಸಿದೆ. ಇನಾಮದಾರ ಸಾಹೇಬರಿಗೆ ಗೋಪ್ಯ ಎಂದು ಮೇಲೆ ಬರೆದು ಎರಡು ಪುಟದ ಪತ್ರ ಕೊಟ್ಟೆ.

ಅವರು ಓದಿ, ಕನ್ನಡಕ ತೆಗೆದು, ಒರೆಸಿ, ಮತ್ತೆ ಓದಿದರು.

"ಅಹೋ ಮಲ್ಲೂಭಾವು, ಗೂಢಚಾರ ಯಾರರ ಇನ್ನೂರು ಕುರಿ ಹೊಡಕೊಂಡು ತಿರುಗ್ತಾನ ಕಾಯ?"

"ಅದಕ್ಕಽ ಯಾರಿಗೂ ಸಂಶೇ ಬರೂದಿಲ್ರಿ, ಸಾಹೇಬ್ರ."

"ನಿಮಗ ಬಂತಲ್ಲ!"

ಪತ್ರವನ್ನು ಡ್ರಾವರಿನಲ್ಲಿ ಹಾಕಿಕೊಂಡು ನಗುತ್ತ ಕಳಿಸಿದರು. ಉಪಾಯವಿಲ್ಲದೆ ನಾನೇ ತನಿಖೆಗೆ ಇಳಿದೆ. ಮರುದಿನ ಗಾಡಿ ನಿಲ್ಲಿಸಿ, ದುರ್ಗಪ್ಪನನ್ನು ಸಾಕ್ಷಿಗೆಂದು ಕರೆದುಕೊಂಡು ದಿಬ್ಬ ಹತ್ತಿದೆ.

"ಬೀರಪ್ಪಾ, ಖರೇ ಹೇಳು. ನಮ್ಮ ಮಾಲ ಬದಲಾಗೂದು ನಿನಗ ಯಾರು ಹೇಳ್ತಾರ?"

ಅವನು ಎಲೆ ಅಡಿಕೆ ಉಗುಳಿ, ಇದೇನು ದೊಡ್ಡ ಮಾತು ಎನ್ನುವಂತೆ ಹಿಂಡಿನ ಕಡೆ ಗದ್ದ ತೋರಿಸಿದ.

"ನನಗೇನ ತಿಳೀತೈತ್ರಿ ಕಬ್ಬಣದ್ದು? ಇವು ಹೇಳ್ತಾವ. ಒಂದೊಂದ ದಿನ ನಿಮ್ಮ ಗಾಡಿ ಇಳದ್ರೂ ತಲಿ ತಗೀದ ಮೇಯ್ತಾವ. ಒಂದೊಂದ ದಿನ ನೀವು ಇನ್ನಾ ಮ್ಯಾಲಿನ ತಿರುವ್ಯಾಗ ಇರ್ತೀರಿ, ಆಗಽ ಕಿವಿ ನಿಗರಸ್ತಾವ. ಗಾಡಿ ಏನರ ಒದರತೈತಿ ಕಾಣ್ತೈತ್ರಿ. ನಮ್ಮ ಕಿವೀಗೆ ಹತ್ತೂದಿಲ್ಲ, ಅವಕ್ಕ ಹತ್ತತೈತಿ."

ನಾನು ನಂಬಲಿಲ್ಲ. ನಂಬುವುದು ನನ್ನ ಕೆಲಸವಲ್ಲ. ಅಂದು ಗಾಡಿಗೆ ಹಾಕಿದ್ದ ಮಾಲಿನಲ್ಲಿ ಇಳಿದೆ, ಕುರಿಗಳು ತಲೆ ಎತ್ತಿದವು. ಎರಡು ದಿನ ಬಿಟ್ಟು, ಹಲವು ಸಲ ಪರೀಕ್ಷೆಯಾಗಿ ಪಾಸಾದ ಹಳೆಯ ಪಟ್ಟಿ ಹಾಕಿಸಿಕೊಂಡು ಬಂದು ಇಳಿದೆ. ಒಂದು ಕುರಿಯೂ ತಿರುಗಿ ನೋಡಲಿಲ್ಲ. ನಾಯಿ ಬೊಗಳಿದರೆ ಹೇಗೆ ನೋಡುತ್ತವೆ, ಹದ್ದು ಹಾರಿದರೆ ಹೇಗೆ ನೋಡುತ್ತವೆ ಎಂದೆಲ್ಲ ಬರೆದಿಟ್ಟುಕೊಂಡೆ. ಇಪ್ಪತ್ತಾರು ವರ್ಷದಲ್ಲಿ ನಾನು ಅಷ್ಟು ಶ್ರದ್ಧೆಯಿಂದ ತೆಗೆದುಕೊಂಡ ಪರೀಕ್ಷೆ ಬೇರೊಂದಿಲ್ಲ, ಅದೂ ಕುರಿಗಳದು. ಅವು ಪಾಸಾದವು.

ಅಲ್ಲಿಂದ ಸುಮಾರು ನಾಲ್ಕು ಹಂಗಾಮು ಶಬ್ದದ ಖಾನೆಯನ್ನು ತುಂಬಿದ್ದು ಬೀರಪ್ಪನ ಹಿಂಡು. ಮಳೆಗಾಲದಲ್ಲಿ ಒದ್ದೆ ಡ್ರಮ್ಮು ಏನೇನೋ ಸದ್ದು ಮಾಡುತ್ತದೆಂದು ಹೇಗೂ ಘಟ್ಟದ ಪರೀಕ್ಷೆ ಇರುತ್ತಿರಲಿಲ್ಲ. ನಾವು ಇಳಿಯುವ ಕಾಲವೂ ಕುರಿ ಇರುವ ಕಾಲವೂ ಕೂಡಿಬಂದಿದ್ದವು. ನಾನು ರಸ್ತೆ ನೋಡುತ್ತಿದ್ದೆ, ದುರ್ಗಪ್ಪ ಕಿಟಕಿಯಿಂದ ಕುರಿ ನೋಡುತ್ತಿದ್ದ. "ತಗದ್ವು ರೀ" ಎಂದರೆ ಕುರಿ ತಲೆ ಎತ್ತಿದವು, ಶಬ್ದ ಇದೆ. ಸುಮ್ಮನಿದ್ದರೆ ಇಲ್ಲ. ನನಗೆ ಕೇಳುವುದಿಲ್ಲ ಎಂದು ನಾನು ಅವನಿಗೆ ಹೇಳಲಿಲ್ಲ. ಕುರಿಗಳನ್ನು ಯಾಕೆ ನೋಡಬೇಕು ಎಂದು ಅವನು ನನ್ನನ್ನು ಕೇಳಲಿಲ್ಲ.

ಒಮ್ಮೆ ನಾವು 'ಇದೆ' ಎಂದು ಬರೆದ ಮಾಲನ್ನು ಬಿಚ್ಚಿ ನೋಡಿದಾಗ ಪಟ್ಟಿ ಹಿಡಿದಿಡುವ ಎರಡು ರಿವೆಟ್ಟು ಸಡಿಲವಿದ್ದವು. ಇನಾಮದಾರ ಸಾಹೇಬರು ಕಾರಖಾನೆಯ ನಡುವೆ ನನ್ನ ಭುಜ ತಟ್ಟಿ, "ಕಿವಿ ಅಂದ್ರ ಇಂಥಾವು ಇರಬೇಕ" ಎಂದು ಎಲ್ಲರಿಗೂ ಕೇಳುವಂತೆ ಹೇಳಿದರು. ಅದೊಂದು ನನಗೆ ಸ್ಪಷ್ಟವಾಗಿ ಕೇಳಿಸಿತು. ಆ ರಾತ್ರಿ ನಿದ್ದೆ ಬರಲಿಲ್ಲ.

ನಾಲ್ಕನೆಯ ಹಂಗಾಮಿನ ಕೊನೆಗೆ, ಇನ್ನೇನು ಘಟ್ಟದ ಕೆಲಸ ಮುಗಿಯಬೇಕು ಎನ್ನುವಾಗ, ಅವಸರದ ಮಾಲೊಂದು ಬಂತು. ಪಟ್ಟಿ ಕೂರಿಸುವ ಹೊಸ ರೀತಿ. ಬಸ್ಸುಗಳಿಗೆ ಹೋಗಬೇಕಾದದ್ದು, ವಾರದಲ್ಲಿ ಕಳಿಸಬೇಕು. ಆಗಷ್ಟೇ ಸೇರಿದ್ದ ಇಂಜಿನಿಯರ್ ಸ್ನೇಹಲ್ ಎಂಬ ಗಡಹಿಂಗ್ಲಜದ ಹುಡುಗಿ ಶಬ್ದ ಅಳೆಯುವ ಯಂತ್ರಕ್ಕೆ ಬರೆದು ಹಾಕಿದ್ದಳು, ಅದಿನ್ನೂ ಬಂದಿರಲಿಲ್ಲ. "ಇರ್ಲಿ ಕಾಕಾ, ನಿಮ್ಮ ಕಿವಿ ಅದಾವಲ್ಲ" ಎಂದು ಹಾಳೆ ಕೈಗಿಟ್ಟಳು.

ದುರ್ಗಪ್ಪನೂ ನಾನೂ ಹೊರಟೆವು. ಎರಡು ದಿನದ ಹಿಂದೆ ಅಕಾಲದ ಮಳೆ ಬಿದ್ದು ಗುಡ್ಡ ತೊಳೆದಿಟ್ಟಂತಿತ್ತು. ಹತ್ತುವಾಗ ಮಂಜಿನಲ್ಲಿ ಏನೂ ಕಾಣಲಿಲ್ಲ, ಇಳಿಯುತ್ತ ಮೂರನೆಯ ತಿರುವಿಗೆ ಬಂದರೆ ದಿಬ್ಬ ಖಾಲಿ. ಹಿಕ್ಕೆ ಬಿಟ್ಟರೆ ಏನೂ ಇಲ್ಲ. ಗಾಡಿ ನಿಲ್ಲಿಸಿದೆ.

"ಬೀರಪ್ಪ ಕಾಣವಲ್ಲ."

"ಹೋಗ್ಯಾನಂತ್ರಿ. ಮಳಿ ಮುಂಚೇನ ಬಂತಲ್ರಿ, ಕುರಿ ಕಾಲ ಕೊಳೀತಾವ ಅಂತ ನಿನ್ನೇನ ಹೊಂಟಾನಂತ. ಚಾದ ಅಂಗಡ್ಯಾಗ ಹೇಳಿದ್ರು."

ನಾನು ಹ್ಯಾಂಡ್‌ಬ್ರೇಕ್ ಎಳೆದೆ.

"ದುರ್ಗಪ್ಪಾ, ಮ್ಯಾಲಿಂದ ಇಲ್ಲೀ ತನಕಾ ನಿನಗೇನರ ಕೇಳತೇನ?"

"ನಿಮಗ್ರಿ?"

"ಮೊದ್ಲ ನೀ ಹೇಳು."

"ನೀವು ಹಿರ್ಯಾರು. ನೀವಽ ಹೇಳ್ರಿ."

"ಹಿರಿತನ ಈಗ ನೆನಪಾತೇನ? ದಿನಾ ಕಿಡಕಿ ಸೀಟ ನಿನಗಽ ಬೇಕು."

ಅವನು ನಗಲಿಲ್ಲ. ಹಾಳೆಯನ್ನು ತೊಡೆಯ ಮೇಲೆ ಮಗುಚಿ ಇಟ್ಟ. "ಮಲ್ಲಣ್ಣಾ, ನಾನು ಇಲ್ಲಿ ಬರೂಕಿಂತ ಮೊದ್ಲ ಹದಿನೈದು ವರ್ಷ ಮಗ್ಗದ ನಡಕ ನಿಂತಾಂವ. ಸಣ್ಣ ಸಪ್ಪಳ ಕೇಳೂದು ಬಿಟ್ಟು ಭಾಳ ವರ್ಷಾತ್ರಿ. ನಿಮಗ ಕೇಳತೈತಿ ಅಂತ ಸುಮ್ಮಿದ್ದೆ."

"ನಿನಗ ಕೇಳತೈತಿ ಅಂತ ನಾ ಸುಮ್ಮಿದ್ದೆ!"

ಇಬ್ಬರಿಗೂ ನಗು ಬಂತು. ಸ್ಟೇರಿಂಗ್ ಮೇಲೆ ತಲೆಯಿಟ್ಟು ನಕ್ಕೆ. ಇಷ್ಟು ವರ್ಷ ಒಂದು ಕಾರಖಾನೆ ಶಬ್ದ ಕೇಳಿಸಿಕೊಂಡು ಬನ್ನಿರೆಂದು ಇಬ್ಬರು ಕಿವುಡರನ್ನು ಗುಡ್ಡಕ್ಕೆ ಕಳಿಸಿತ್ತು. ನಗು ನಿಂತ ಮೇಲೆ ಹಾಳೆ ಅಲ್ಲೇ ಇತ್ತು.

"'ಇಲ್ಲ' ಅಂತ ಬರದ ಬಿಡ್ರಿ," ಎಂದ ದುರ್ಗಪ್ಪ ಮೆಲ್ಲಗೆ. "ಹತ್ತರಾಗ ಎಂಟ ಸಲ ಮಾಲ ಚೊಲೋನ ಇರತೈತಿ."

"ಉಳದ ಎರಡ ಸಲ?"

ಅಷ್ಟರಲ್ಲಿ ಕೆಳಗಿನಿಂದ ಹಾರ್ನ್ ಬಂತು. ಅದು ದಪ್ಪ ಶಬ್ದ, ಇಬ್ಬರಿಗೂ ಕೇಳಿಸಿತು. ಬಸ್ಸೊಂದು ಹತ್ತುತ್ತಿತ್ತು. ನಾನು ಗಾಡಿಯನ್ನು ದಿಬ್ಬಕ್ಕೆ ಒತ್ತಿ ಹಿಡಿದೆ. ಬಸ್ಸು ಕಣಿವೆಯ ಬದಿಗೆ, ಒಂದು ಗೇಣು ಡಾಂಬರು ಉಳಿಸಿಕೊಂಡು ಸರಿದು ಹೋಯಿತು. ನನ್ನ ಕಿಟಕಿಗೆ ಒಂದು ಕೈಯಳತೆಯಲ್ಲಿ ಒಬ್ಬ ಮುದುಕಿ ಕಿಟಕಿಯ ಸರಳಿಗೆ ತಲೆಯಾನಿಸಿ ನಿದ್ದೆ ಮಾಡುತ್ತಿದ್ದಳು. ಹತ್ತುವ ಬಸ್ಸು, ಸಂಜೆಗೆ ಇಳಿಯಲೇಬೇಕು. ಮುಂದಿನ ವಾರ ನಮ್ಮ ಮಾಲು ಹೋಗುವುದು ಇಂಥ ಬಸ್ಸಿಗೇ.

ದುರ್ಗಪ್ಪ ನನ್ನ ಮುಖ ನೋಡಿ ಎಲ್ಲ ತಿಳಿದುಕೊಂಡ. "ನೀವು ಏನರ ಬರೀರಿ, ನನ್ನ ಹೆಸರ ತರಬ್ಯಾಡ್ರಿ. ಕಿವಿ ಹೋತಂತ ಮಗ್ಗದಿಂದ ತಗದಾರ. ಇಲ್ಲಿಂದ್ಲೂ ತಗದ್ರ ಎಲ್ಲಿ ಹೋಗ್ಲಿ?"

ಬೇರೆ ಖಾನೆಗಳನ್ನೆಲ್ಲ ತುಂಬಿದೆ. ಕೊನೆಯದರಲ್ಲಿ ಮೂರು ಸಲ ಬರೆದು ಮೂರು ಸಲ ಹೊಡೆದುಹಾಕಿದೆ. ನಾಲ್ಕನೆಯ ಸಲ ಬರೆದದ್ದು ಉಳಿಯಿತು: 'ನನ್ನ ಕಿವಿಗೆ ಸಣ್ಣ ಶಬ್ದ ಕೇಳುವುದಿಲ್ಲ. ಈ ಖಾನೆಯನ್ನು ಬೇರೆಯವರು ತುಂಬಬೇಕು.' ಸಹಿ ಹಾಕಿದೆ. ನನ್ನದೊಂದೇ ಸಹಿ. ಇಲ್ಲಿ ಬರೆದ ದುರ್ಗಪ್ಪ ಎಂಬ ಹೆಸರೂ ಅವನದಲ್ಲ.

ಇನಾಮದಾರ ಸಾಹೇಬರ ಕೋಣೆಯಲ್ಲಿ ಸ್ನೇಹಲ್ ಕೂಡ ಇದ್ದಳು. ಅವರು ಹಾಳೆ ಓದಿ ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು.

"ಯಾವಾಗಿಂದ?"

"ನಾಲ್ಕ ವರ್ಷಾತ್ರಿ."

"ಮತ್ತ ಇಷ್ಟ ದಿವಸ ಈ ಖಾನೆ ತುಂಬಿದವರು ಯಾರು?"

"ಕುರಿ, ಸಾಹೇಬ್ರ."

ಗೋಡಂಬಿ ಕೊಟ್ಟ ಮನುಷ್ಯ, ಗೂಢಚಾರನ ಪತ್ರಕ್ಕೆ ನಕ್ಕ ಮನುಷ್ಯ, ಅಂದು ನಗಲಿಲ್ಲ. ನಾಲ್ಕು ವರ್ಷದ ಹಾಳೆಗಳನ್ನು ತರಿಸಿ ಮೇಜಿನ ಮೇಲೆ ಹಾಕಿಸಿದರು. ನಾನು 'ಇಲ್ಲ' ಎಂದು ಬರೆದ ಒಂದೊಂದನ್ನೂ ಬೇರೆ ಇಟ್ಟು, ಆ ಮಾಲು ಹೋದ ಕಡೆಗೆಲ್ಲ ಬಿಚ್ಚಿ ನೋಡಿರೆಂದು ಹೇಳಿ ಕಳಿಸಿ ಎಂದರು. ಈ ಮಾಲಿನ ಪರೀಕ್ಷೆ ಮುಗಿದ ಮೇಲೆ ಲಾರಿಯ ಬೀಗದ ಕೈ ಒಪ್ಪಿಸಿಬಿಡಬೇಕೆಂದು ನನಗೆ ಹೇಳಿದರು. ಕೆಟ್ಟ ಸುದ್ದಿ ಯಾವ ಕಡೆಯಿಂದಲೂ ಬರಲಿಲ್ಲ. ಬಿಚ್ಚಿ ನೋಡಿದರೋ, ನೋಡಿದ್ದೇವೆ ಎಂದು ಬರೆದು ಕಳಿಸಿದರೋ ಎಂಬ ಅನುಮಾನ ನನಗೆ ಇವತ್ತಿಗೂ ಇದೆ. ನಿಲ್ದಾಣದಲ್ಲಿ ಬಸ್ಸು ಬ್ರೇಕು ಹಾಕಿದರೆ ಈಗಲೂ ನಾನು ನಿಂತುಬಿಡುತ್ತೇನೆ, ಸುತ್ತಲಿನ ನಾಯಿಗಳ ಕಿವಿ ನೋಡುತ್ತೇನೆ.

ಮರುದಿನ ಸ್ನೇಹಲ್ ದುರ್ಗಪ್ಪನ ಸೀಟಿನಲ್ಲಿ ಬಂದು ಕೂತಳು.

"ಕಾಕಾ, ಆ ರೋಡ ನಿಮಗಿಂತ ಚೊಲೋ ಯಾರಿಗೂ ಗೊತ್ತಿಲ್ಲ. ಹೊಡ್ಯೂದು ನೀವು, ಕೇಳೂದು ನಾನು. ಸಪ್ಪಳ ಬಂದ್ರ ಬೆರಳ ಎತ್ತತೇನಿ. ಮಾತಾಡಬ್ಯಾಡ್ರಿ."

ಮೇಲಿನಿಂದ ಇಳಿಯತೊಡಗಿದೆ. ಮೊದಲ ತಿರುವು. ಬ್ರೇಕು ಹಾಕಿದೆ. ಅವಳ ಕೈ ಹಾಳೆಯ ಮೇಲೆ ಸುಮ್ಮನಿತ್ತು. ಒಳಗೊಳಗೆ ಒಂದು ಹಾಳು ಆಸೆ ಹುಟ್ಟಿತು. ಮಾಲು ಚೆನ್ನಾಗಿಯೇ ಇದ್ದಿರಬಹುದು, 'ಇಲ್ಲ' ಎಂದು ಬರೆದಿದ್ದರೂ ನಡೆಯುತ್ತಿತ್ತು, ಸುಮ್ಮನೆ ನೌಕರಿ ಕಳೆದುಕೊಂಡೆ ಎಂದು. ಎರಡನೆಯ ತಿರುವಿನಲ್ಲಿ ಬೆರಳು ಎದ್ದಿತು. ನನಗೆ ಕೇಳಿಸುತ್ತಿದ್ದದ್ದು ಎಂಜಿನ್ನು, ಹಿಂದಿನ ಚೀಲಗಳ ಅಲುಗಾಟ, ಅಷ್ಟೇ. ಮೂರನೆಯ ತಿರುವಿನಲ್ಲಿ ಎದ್ದಿತು. ನಾಲ್ಕರಲ್ಲಿ ಎರಡು ಸಲ. ಕೆಳಗಿನ ಸೇತುವೆಗೆ ಹೋಗುವ ಇಳಿಜಾರಿಗೆ ಬರುವಷ್ಟರಲ್ಲಿ ಬೆರಳು ಕೆಳಗೆ ಇಳಿಯಲೇ ಇಲ್ಲ. ಅವಳು ಹಲ್ಲು ಕಚ್ಚಿಕೊಂಡು, ಇನ್ನೊಂದು ಕೈಯಿಂದ ಕಿವಿ ಮುಚ್ಚಿಕೊಂಡಿದ್ದಳು. ಅಷ್ಟು ದೊಡ್ಡ ಶಬ್ದವಿತ್ತು ಆ ಗಾಡಿಯಲ್ಲಿ. ನಾನು ಅದರ ನಡುವೆ ಕೂತು ನಿಶ್ಶಬ್ದದಲ್ಲಿ ಗಾಡಿ ಇಳಿಸುತ್ತಿದ್ದೆ.

"ಇಲ್ಲೇ ನಿಲ್ಲಸ್ರಿ."

ನಿಲ್ಲಿಸಿದೆ. ಚಕ್ರಕ್ಕೆ ಕಲ್ಲು ಕೊಟ್ಟು, ಡ್ರಮ್ಮು ಆರಿದ ಮೇಲೆ ಹಿಂದಿನ ಎಡ ಚಕ್ರ ಬಿಚ್ಚಿ ನೋಡಿದೆವು. ಪಟ್ಟಿ ಒಂದು ಅಂಚಿನಲ್ಲಿ ಎದ್ದಿತ್ತು. ಸ್ನೇಹಲ್ ತನ್ನ ಉಗುರನ್ನು ಅದರ ಸಂದಿಯಲ್ಲಿ ತೂರಿಸಿ ತೋರಿಸಿದಳು. ಪೂರ್ತಿ ಉಗುರು ಒಳಗೆ ಹೋಯಿತು.

"ಕಾಕಾ, ಇದು ಇನ್ನ ಒಂದ ಹೆಜ್ಜಿ ಸೈತ ಹೋಗಬಾರದು. ಟೋಯಿಂಗ್ ಗಾಡಿ ಕರಸ್ತೇನಿ," ಎಂದು ಫೋನು ಸಿಗುವ ಜಾಗ ಹುಡುಕುತ್ತ ರಸ್ತೆಯಲ್ಲಿ ನಡೆದಳು.

ನಾನು ಚಕ್ರ ಮರಳಿ ಹಾಕಿ, ದಿಬ್ಬದಿಂದ ಇನ್ನೂ ನಾಲ್ಕು ದೊಡ್ಡ ಕಲ್ಲು ಉರುಳಿಸಿ ತಂದು ಚಕ್ರಗಳ ಮುಂದೆ ಕೊಟ್ಟೆ. ಒಂದೊಂದನ್ನೂ ಎರಡೆರಡು ಸಲ ಒದ್ದು ನೋಡಿದೆ. ಅವಳು ಮರಳಿ ಬಂದ ಮೇಲೆ ಬೀಗದ ಕೈ ಅವಳ ಕೈಗೆ ಕೊಟ್ಟು, ಇನ್ನೊಂದು ಸಲ ಒದ್ದು ನೋಡಿದೆ.